ಎಂಜಿಬಿಯ ಕ್ಲಚ್ಚು, ಒಂದು ಸವೆದ ಪಿನ್ನು

ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಅಜ್ಜನ 1972ರ ಎಂಜಿಬಿ ಮೊನ್ನೆ ಕೈಕೊಟ್ಟಿತು. ಕ್ಲಚ್ ಪೆಡಲ್ ನೆಲ ಮುಟ್ಟಿದರೂ ಗೇರ್ ಬೀಳೊಲ್ಲ. ಈ ಕಾರಿನ ಕ್ಲಚ್ ಬೇರಿಂಗು ಗ್ರಾಫೈಟಿನದು. ಅದು ಸವೆದಿದ್ದರೆ ಇಂಜಿನ್ನನ್ನೇ ಹೊರಗೆಳೆಯಬೇಕು. "ಹಾಗಾದ್ರೆ ಮಾರಿಬಿಡ್ತೀನಿ" ಅಂದರು ಅಜ್ಜ, ಸಪ್ಪಗೆ.

ಎಂಜಿಯ ಹಳೆಯ ಟಿ ಸರಣಿಯಲ್ಲಿ ಕ್ಲಚ್ಚಿಗೆ ಸರಳು, ಕೇಬಲ್ಲುಗಳೇ ಇದ್ದವು. 1955ರ ಎಂಜಿಎಗೆ ಹೈಡ್ರಾಲಿಕ್ ಬಂತು, ಆದರೆ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಎಣ್ಣೆ ಡಬ್ಬಿ! (ಯಾರ ತಲೆಗೆ ಹೊಳೆಯಿತೋ.) 1962ರ ಎಂಜಿಬಿಯಲ್ಲಿ ಎರಡನ್ನೂ ಬೇರೆ ಮಾಡಿದರು.

ಅಜ್ಜನ ಕಾರಿನ ಡಬ್ಬಿ ತುಂಬಿತ್ತು, ಎಲ್ಲೂ ಸೋರಿಕೆ ಇರಲಿಲ್ಲ. ಬಾನೆಟ್ ಎತ್ತಿ ಪೆಡಲ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೆ... ಪೆಡಲನ್ನು ಮಾಸ್ಟರ್ ಸಿಲಿಂಡರಿನ ಸರಳಿಗೆ ಸೇರಿಸುವ ಪಿನ್ನು ಅರ್ಧ ಸವೆದಿತ್ತು, ಪೆಡಲಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಕಾಲಿನ ಒತ್ತಡವೆಲ್ಲ ಆ ಸಡಿಲಿನಲ್ಲೇ ಕಳೆದುಹೋಗುತ್ತಿತ್ತು, ಅಷ್ಟೇ!

ಆಬಿಂಗ್ಡನ್ ಕಾರ್ಖಾನೆ 1980ರಲ್ಲೇ ಮುಚ್ಚಿದೆ. ಆದರೆ ಐದು ಲಕ್ಷಕ್ಕೂ ಹೆಚ್ಚು ಕಾರು ಬಿಟ್ಟುಹೋಗಿದೆಯಲ್ಲ, ಬಿಡಿಭಾಗಕ್ಕೆ ಬರವಿಲ್ಲ. 1988ರಿಂದ ಹೊಸ ಬಾಡಿಯೇ ತಯಾರಾಗತೊಡಗಿತು ನೋಡಿ. ಪಿನ್ನು ಮೂರನೇ ದಿನ ಅಂಚೆಯಲ್ಲಿ ಬಂತು. ತೂತಿಗೆ ವೆಲ್ಡಿಂಗ್ ತುಂಬಿಸಿ ಮತ್ತೆ ಕೊರೆಸಿದೆವು.

ಭಾನುವಾರ ಗೇರ್ ಸಲೀಸಾಗಿ ಬಿತ್ತು. ಮಾರುವ ಮಾತು ಅಜ್ಜ ಮತ್ತೆ ಎತ್ತಿಲ್ಲ.