ದಿಬ್ಬದ ಡೋಲು, ಜಾಝಿನ ಮೃದಂಗ

ಹೊಸಪೇಟೆಯ ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು ನಾನು. ಬಿಡುವಾದರೆ ಹಂಪಿಯ ಮಹಾನವಮಿ ದಿಬ್ಬಕ್ಕೆ ಹೋಗಿ ಕಲ್ಲಿನ ವಾದ್ಯಗಾರರನ್ನು ನೋಡುತ್ತೇನೆ: ಕೈಯಲ್ಲಿ ಡೋಲು, ಪಕ್ಕದಲ್ಲೇ ಕುಣಿಯುವವರು. 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಇಲ್ಲಿನ ನವರಾತ್ರಿ ಕಂಡು ಬರೆದಿಟ್ಟ. 1565ರಲ್ಲಿ ವಿಜಯನಗರ ಸೋತಾಗ ಅರಮನೆಯ ತಾಳ ನಿಂತಿತು. ಕಂಪ್ಲಿ, ಸಂಡೂರಿನ ಕಡೆ ಜಾತ್ರೆಯ ಹಲಗೆ ನಿಲ್ಲಲಿಲ್ಲ.

ನಮ್ಮ ಕಾಲಕ್ಕೆ ಬಂದರೆ, ನಾಡಿನ ಲಯವನ್ನು ಜಾಝಿನವರೆಗೆ ಒಯ್ದವರು ಬೆಂಗಳೂರಿನ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ. 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಪತ್ನಿ ರಮಾಮಣಿ ಹಾಡು, ಅಮೆರಿಕದ ಚಾರ್ಲಿ ಮರಿಯಾನೊ ಸ್ಯಾಕ್ಸೊಫೋನು, ಇವರ ಮೃದಂಗ: 1983ರ ‘ಜ್ಯೋತಿ’ ಆಲ್ಬಮ್ಮಿನಲ್ಲಿ ಯಾರೂ ಯಾರನ್ನೂ ತುಳಿಯುವುದಿಲ್ಲ. ನಮ್ಮ ಬ್ಯಾಂಡಿನಲ್ಲಿ ಅದೇ ಕಷ್ಟ ನೋಡಿ! ಬಾರಿಸುವ ಹುಡುಗರೇ, ಆ ಆಲ್ಬಮ್ಮನ್ನೊಮ್ಮೆ ಕೇಳಿ.