ಮೂವತ್ತು ವರ್ಷ ಕಾದ ತೀರ್ಪು

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬೋರ್ಡೋ ಎಂಬ ಹೆಸರು ಹೊಸದಲ್ಲ. ಕೊಳೆರೋಗಕ್ಕೆ ಅವರು ಸಿಂಪಡಿಸುವ ಮೈಲುತುತ್ತ, ಸುಣ್ಣದ ದ್ರಾವಣ ಬಳಕೆಗೆ ಬಂದದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಆ ಸೀಮೆಯ ನಿಜವಾದ ಕೀರ್ತಿ ಮಾತ್ರ ಅಲ್ಲಿನ ಕೆಂಪು ವೈನಿನದು. 1855ರಲ್ಲೇ ಅಲ್ಲಿನ ವೈನುಗಳಿಗೆ ದರ್ಜೆಗಳನ್ನು ಗೊತ್ತುಪಡಿಸಲಾಗಿತ್ತು. ಅವುಗಳಿಗೆ ಬೇರೆಲ್ಲೂ ಸಾಟಿಯಿಲ್ಲ ಎಂಬ ನಂಬಿಕೆ ಅಲುಗಾಡಿದ್ದು 1976ರ ಮೇ 24ರಂದು.

ಪ್ಯಾರಿಸ್ಸಿನಲ್ಲಿ ವೈನ್ ಅಂಗಡಿ ಇಟ್ಟಿದ್ದ ಇಂಗ್ಲೆಂಡಿನ ಸ್ಟೀವನ್ ಸ್ಪರಿಯರ್ ಅಂದು ಅಲ್ಲಿ ಒಂದು ರುಚಿ ಪರೀಕ್ಷೆ ಏರ್ಪಡಿಸಿದರು. ಬೋರ್ಡೋದ 4 ಕೆಂಪು ವೈನುಗಳ ಜೊತೆಗೆ, ಬೋರ್ಡೋದ್ದೇ ಆದ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯಿಂದ ಕ್ಯಾಲಿಫೋರ್ನಿಯಾದಲ್ಲಿ ತಯಾರಾದ 6 ವೈನುಗಳನ್ನೂ ಇಡಲಾಗಿತ್ತು. ಯಾವುದು ಯಾರದೆಂದು ತಿಳಿಯದಂತೆ ರುಚಿ ನೋಡಿ, 20ಕ್ಕೆ ಇಷ್ಟೆಂದು ಅಂಕ ಕೊಟ್ಟವರು 9 ಮಂದಿ ಫ್ರೆಂಚ್ ಪರಿಣತರು. ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ 1973ರ ಸ್ಟ್ಯಾಗ್ಸ್ ಲೀಪ್‌ಗೆ ಹೋಯಿತು. ಬೋರ್ಡೋದ ಹೆಮ್ಮೆಯಾದ 1970ರ ಮೂತೋ ರೋಶೀಲ್ಡ್ ಎರಡನೆಯದಾಯಿತು. ಫಲಿತಾಂಶ ಕೇಳಿದ ತೀರ್ಪುಗಾರರೊಬ್ಬರು ತಮ್ಮ ಅಂಕಪಟ್ಟಿಯನ್ನೇ ಹಿಂದಕ್ಕೆ ಕೇಳಿದರಂತೆ!

ಸೋತವರ ಪರವಾಗಿ ಒಂದು ವಾದ ಹುಟ್ಟಿತು. ಬೋರ್ಡೋ ವೈನು ಎಳೆಯದರಲ್ಲಿ ಕುಡಿಯುವಂಥದ್ದಲ್ಲ, ಕೆಲವು ವರ್ಷ ಕಳೆಯಲಿ, ಅಮೆರಿಕದ್ದು ಸಪ್ಪೆಯಾಗುತ್ತದೆ, ನಮ್ಮದು ಮಾಗುತ್ತದೆ ಎಂಬುದು ಅದರ ಸಾರ. ಇದು ಬರಿಯ ಹಟದ ಮಾತಾಗಿರಲಿಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಎಂಬ ಅಂಶ ಹೊಸ ಕೆಂಪು ವೈನಿಗೆ ಹಸಿ ಅಡಿಕೆಯಂಥ ಚೊಗರನ್ನು ಕೊಡುತ್ತದೆ. ಸೀಸೆಯಲ್ಲಿ ವರ್ಷಗಟ್ಟಲೆ ಮಲಗಿದ ಮೇಲೆ ಆ ಚೊಗರು ಮೆದುವಾಗುತ್ತದೆ, ಹಣ್ಣಿನ ವಾಸನೆ ಹೋಗಿ ಬೇರೆ ಪರಿಮಳಗಳು ಮೂಡುತ್ತವೆ. ಸತ್ವ ಕಡಿಮೆಯಿದ್ದ ವೈನು ಆ ಹದಕ್ಕೆ ಬರುವ ಮೊದಲೇ ಬಾಡಿಹೋಗುತ್ತದೆ. ಹಾಗಾಗಿ ಕಾಯುವುದೊಂದೇ ದಾರಿಯಾಗಿತ್ತು.

1986ರಲ್ಲಿ ನ್ಯೂಯಾರ್ಕಿನಲ್ಲಿ ಬಹುತೇಕ ಅವೇ ವೈನುಗಳನ್ನು ಮತ್ತೆ ಪರೀಕ್ಷಿಸಿದಾಗ, ಪ್ಯಾರಿಸ್ಸಿನಲ್ಲಿ ಎಂಟನೆಯದಾಗಿದ್ದ ಕ್ಯಾಲಿಫೋರ್ನಿಯಾದ 1972ರ ಕ್ಲೋ ದ್ಯು ವಾಲ್ ಮೊದಲನೆಯದಾಯಿತು. ಅದನ್ನು ತಯಾರಿಸಿದ ಬರ್ನಾರ್ ಪೋರ್ತೆ ಬೋರ್ಡೋದಲ್ಲೇ ಬೆಳೆದವರೆಂಬುದು ಗಮನಾರ್ಹ. ಮುಂದೆ 2006ರ ಮೇ 24ರಂದು, ಸರಿಯಾಗಿ ಮೂವತ್ತು ವರ್ಷಗಳ ನಂತರ, ಲಂಡನ್ ಮತ್ತು ಕ್ಯಾಲಿಫೋರ್ನಿಯಾದ ನಾಪಾಗಳಲ್ಲಿ ಒಂದೇ ದಿನ ಪರೀಕ್ಷೆ ನಡೆಯಿತು. ಪ್ಯಾರಿಸ್ಸಿನಲ್ಲಿ ಐದನೆಯದಾಗಿದ್ದ 1971ರ ರಿಜ್ ಮಾಂಟೆ ಬೆಲ್ಲೋ ಈ ಬಾರಿ ಗೆದ್ದಿತು. ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಾದ ಪಾಲಾದವು. ಮೂತೋ ಆರನೆಯದಾಯಿತು.

ಇದರಿಂದ ಬೋರ್ಡೋದ ವೈನು ಕೀಳೆಂದು ಸಿದ್ಧವಾಗಲಿಲ್ಲ. ಮೂರು ಪರೀಕ್ಷೆಗಳಲ್ಲಿ ಗೆದ್ದ ವೈನುಗಳು ಮೂರು. ಅಂದರೆ ರಸಜ್ಞರ ಅಂಕಗಳು ಆ ದಿನದ, ಆ ಸೀಸೆಯ ಮಟ್ಟಿಗಿನ ತೀರ್ಪು ಮಾತ್ರ. ಸುಳ್ಳಾದದ್ದು, ಚೆನ್ನಾಗಿ ಮಾಗುವ ಗುಣ ಒಂದು ನೆಲಕ್ಕೆ, ಒಂದು ಹಳೆಯ ಹೆಸರಿಗೆ ಮೀಸಲು ಎಂಬ ನಂಬಿಕೆ. ಕಾಲವೇ ನಿರ್ಣಯಿಸಲಿ ಎಂದವರು ಅದನ್ನು ನಂಬಿದವರೇ. ಕಾಲ ನಿರ್ಣಯಿಸಿತು.