ಕೊಡಗಳ ಸಾಲಿನಲ್ಲಿ ಒಂದು ಚೊಂಬು

ಪ್ರತಿ ಕಾಲದಲ್ಲೂ ಮನೆಯವರಿಂದ ಬೈಸಿಕೊಳ್ಳುವುದಕ್ಕೆಂದೇ ಒಂದು ವಸ್ತು ಇರುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅದು ಹೆಂಚಿನ ಮೇಲಿನ ಟಿ.ವಿ. ಆಂಟೆನಾ. ಚಿತ್ರಹಾರದ ಹೊತ್ತಿಗೆ ಸರಿಯಾಗಿ ತೆರೆಯ ತುಂಬ ಚುಕ್ಕಿ ಬರುತ್ತಿತ್ತು. ಒಬ್ಬರು ಮಾಡು ಹತ್ತಿ ಅದನ್ನು ತಿರುಗಿಸಬೇಕು, ಇನ್ನೊಬ್ಬರು ಅಂಗಳದಲ್ಲಿ ನಿಂತು "ಬಂತು, ಬಂತು... ಹೋಯ್ತು" ಎಂದು ಕೂಗಬೇಕು. ಈಗ ಆ ಸ್ಥಾನ ಗೋಡೆಗೆ ನೇತುಬಿದ್ದು ಹಸಿರು ದೀಪ ಮಿಣುಕಿಸುವ ರೂಟರ್ ಪೆಟ್ಟಿಗೆಯದು.

ನನ್ನ ತಮ್ಮನ ಮನೆಯಲ್ಲಿ ಈ ಪೆಟ್ಟಿಗೆಯ ದೆಸೆಯಿಂದ ಕೆಲವು ತಿಂಗಳು ದೊಡ್ಡ ವ್ಯಾಜ್ಯವೇ ನಡೆಯಿತು. ಅವನ ಮಗ ರಾತ್ರಿ ಎಂಟರ ಮೇಲೆ ಟಿ.ವಿ.ಯಲ್ಲಿ ಕಾರಿನ ಪಂದ್ಯ ಆಡುತ್ತಾನೆ. ಆಟ ಇರುವುದು ಮನೆಯೊಳಗಲ್ಲ, ದೂರದ ಊರಿನ ದೊಡ್ಡ ಕಂಪ್ಯೂಟರಿನಲ್ಲಿ. ಇವನು ಗುಂಡಿ ಒತ್ತಿದ ಸುದ್ದಿ ಅಲ್ಲಿಗೆ ಹೋಗಬೇಕು, ಅಲ್ಲಿ ಕಾರು ತಿರುಗಬೇಕು, ತಿರುಗಿದ ಚಿತ್ರ ಇಲ್ಲಿಗೆ ಬರಬೇಕು. ಕ್ಲೌಡ್ ಗೇಮಿಂಗ್ ಎಂದರೆ ಇಷ್ಟೇ. ಅವನ ಅಕ್ಕ ಬಿ.ಇಡಿ. ಓದುತ್ತಿದ್ದಾಳೆ. ತಾನು ಮಾಡಿದ ಪಾಠದ ವಿಡಿಯೋಗಳನ್ನು ಅದೇ ಹೊತ್ತಿಗೆ ಕಾಲೇಜಿಗೆ ಕಳಿಸಬೇಕು. ಅವಳು ಕಳಿಸಲು ತೊಡಗಿದಳೋ, ಇವನ ಕಾರು ತಿರುವಿನಲ್ಲಿ ತಿರುಗದೆ ನೇರವಾಗಿ ಗೋಡೆಗೆ ಬಡಿಯುತ್ತದೆ.

ತಮ್ಮ ತೀರ್ಪು ಕೊಟ್ಟ: "ಅವನದು ಒಂದು ಗಂಟೆ ಮುಗೀಲಿ ಬಿಡಮ್ಮ, ಆಮೇಲೆ ನೀನು ಕಳಿಸು." ಆ ಒಂದು ಗಂಟೆ ಮುಗಿಯುವಾಗ ಹನ್ನೊಂದಾಗುತ್ತಿತ್ತು. ಆಟಕ್ಕಾಗಿ ಓದು ಕಾಯಬೇಕು, ಕಾಯುವವಳು ಹುಡುಗಿಯೇ ಆಗಬೇಕು! ನನಗೆ ಮೈ ಉರಿಯಿತು. ಲೈನ್ ಕೊಟ್ಟವರನ್ನು ಕೇಳಿದರೆ ಹೆಚ್ಚು ಸ್ಪೀಡಿನ ಪ್ಲಾನ್ ಹಾಕಿಸಿಕೊಳ್ಳಿ ಎಂದರು. ಹಾಕಿಸಿದ್ದಾಯಿತು. ತಿಂಗಳ ಖರ್ಚು ಏರಿತು, ಜಗಳ ಇಳಿಯಲಿಲ್ಲ. ಹೀಗೇಕೆ ಎಂದು ನಾನೇ ಓದಲು ಕೂತೆ. ಇತಿಹಾಸ ಪಾಠ ಹೇಳುವವಳಿಗೆ ಇಸವಿ ಹಿಡಿದು ಹೋಗದೆ ಯಾವುದೂ ತಲೆಗೆ ಹತ್ತುವುದಿಲ್ಲ.

ಕತೆ ಶುರುವಾಗುವುದು 1986ರ ಅಕ್ಟೋಬರಿನಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ. ಅಲ್ಲಿನ ಪ್ರಯೋಗಾಲಯಕ್ಕೂ ವಿಶ್ವವಿದ್ಯಾಲಯಕ್ಕೂ ನಡುವೆ ಕೇವಲ 400 ಗಜ. ಅವೆರಡರ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ ಇದ್ದಕ್ಕಿದ್ದಂತೆ 40 ಬಿಟ್‌ಗೆ ಕುಸಿಯಿತು. ಚೀಟಿ ಬರೆದು ಆಳಿನ ಕೈಲಿ ಕಳಿಸಿದ್ದರೆ ಬೇಗ ಮುಟ್ಟುತ್ತಿತ್ತು! ವ್ಯಾನ್ ಜೇಕಬ್ಸನ್ ಎಂಬವರು ಕಾರಣ ಹುಡುಕಿದರು. ಎಲ್ಲರೂ ಒಟ್ಟಿಗೆ ನುಗ್ಗುತ್ತಿದ್ದರು, ನಿಧಾನಿಸಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ. ಅವರು 1988ರಲ್ಲಿ ಪ್ರಕಟಿಸಿದ ಪರಿಹಾರದ ತಿರುಳು ಇದು: ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಅದನ್ನೇ ಸೂಚನೆಯೆಂದು ತಿಳಿದು ಕಳಿಸುವವನು ವೇಗ ತಗ್ಗಿಸಬೇಕು. ಎಂದರೆ ಆಗೀಗ ಒಂದು ಕಳೆದುಹೋಗುವುದು ಒಳ್ಳೆಯದೇ.

ಮುಂದೆ ಏನಾಯಿತು ನೋಡಿ. ಕಂಪ್ಯೂಟರಿನ ಮೆಮೊರಿ ಅಗ್ಗವಾಯಿತು. ಪೆಟ್ಟಿಗೆ ಮಾಡುವವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಒಂದು ಪ್ಯಾಕೆಟ್ಟೂ ಬಿದ್ದುಹೋಗಬಾರದೆಂದು ಕಾಯುವ ಜಾಗವನ್ನು ಹಿಗ್ಗಿಸುತ್ತ ಹೋದರು. ನಮ್ಮ ಕಾಲದ ಬೀದಿ ನಲ್ಲಿಯನ್ನು ನೆನೆದುಕೊಳ್ಳಿ. ಸಾಲು ಉದ್ದವಾಗಿದೆ, ನಾಳೆ ಬನ್ನಿ ಎಂದು ಯಾರಾದರೂ ಹೇಳಿದ್ದರೆ ಜನ ಹಿಂದಿರುಗುತ್ತಿದ್ದರು. ಹೇಳುವವರಿಲ್ಲದ ಮೇಲೆ ಕೊಡದ ಹಿಂದೆ ಕೊಡ ನಿಲ್ಲುತ್ತದೆ. ಇಪ್ಪತ್ತು ಕೊಡ ಇಟ್ಟ ಮನೆಯವರ ಹಿಂದೆ ಒಂದು ಚೊಂಬು ನೀರಿಗೆ ಬಂದ ಮಗು ನಿಂತಿರುತ್ತದೆ. ನಲ್ಲಿಯಲ್ಲಿ ನೀರಿಗೇನೂ ಕಡಿಮೆಯಿಲ್ಲ. ಚೊಂಬು ಮಾತ್ರ ತುಂಬುವುದಿಲ್ಲ. ನಮ್ಮ ಹುಡುಗ ಒತ್ತುವ ಗುಂಡಿಯ ಸುದ್ದಿ ಆ ಚೊಂಬು. ಅವನ ಅಕ್ಕನ ವಿಡಿಯೋ ಇಪ್ಪತ್ತು ಕೊಡ.

ಇದನ್ನು ಮೊದಲೇ ಕಂಡವರಲ್ಲಿ ಸ್ಯಾಲಿ ಫ್ಲಾಯ್ಡ್ ಎಂಬ ಹೆಣ್ಣುಮಗಳು ಒಬ್ಬರು. 1993ರಲ್ಲಿ ಅವರೂ ಜೇಕಬ್ಸನ್ನರೂ ಸೇರಿ ಒಂದು ಉಪಾಯ ಬರೆದರು: ಸಾಲು ತುಂಬುವವರೆಗೆ ಕಾಯದೆ, ಬೆಳೆಯುತ್ತಿರುವಾಗಲೇ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ಟನ್ನು ಕೈಬಿಟ್ಟು ಎಚ್ಚರಿಕೆ ಕೊಡಬೇಕು. ಆದರೆ ಅದನ್ನು ಒಂದೊಂದು ಕಡೆಗೂ ಬೇರೆಬೇರೆಯಾಗಿ ಹದಮಾಡಬೇಕಿತ್ತು. ಆ ತಾಪತ್ರಯಕ್ಕೆ ಹೆದರಿ ಬಹಳ ಮಂದಿ ಅದನ್ನು ಬಳಸಲೇ ಇಲ್ಲ.

2010ರಲ್ಲಿ ಜಿಮ್ ಗೆಟಿಸ್ ಎಂಬ ಅಮೆರಿಕದ ಎಂಜಿನಿಯರು ತಮ್ಮ ಮನೆಯಿಂದ ದೊಡ್ಡ ಕಡತಗಳನ್ನು ಕಳಿಸುತ್ತಿದ್ದರು. ಆಗ ಬೇರೆಲ್ಲ ಕೆಲಸಕ್ಕೂ ಒಂದು ಸೆಕೆಂಡಿಗೂ ಮೀರಿದ ವಿಳಂಬ ಕಂಡಿತು. ಇಂಟರ್ನೆಟ್ ನಿಧಾನವಾಗಿದೆ ಎಂದು ಅವರ ಮಕ್ಕಳೂ ದೂರುತ್ತಿದ್ದರಂತೆ. ಕಾರಣ ಮನೆಯ ಪೆಟ್ಟಿಗೆಗಳೊಳಗೇ ಊದಿಕೊಂಡಿದ್ದ ಸಾಲು. ಗೆಟಿಸ್ ಈ ರೋಗಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. ಅದು ಹೊಟ್ಟೆಯುಬ್ಬರವೇ ಸರಿ.

ಮದ್ದು ಸಿಕ್ಕಿದ್ದು 2012ರಲ್ಲಿ, ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ ಅವರಿಂದ. ಸಾಲು ಎಷ್ಟು ಉದ್ದವಿದೆ ಎಂದು ಅಳೆಯಬೇಡಿ, ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತು ನಿಂತಿತ್ತು ಎಂದು ಅಳೆಯಿರಿ ಎಂದರು ಅವರು. ಕಾಯುವ ಹೊತ್ತು 100 ಮಿಲಿಸೆಕೆಂಡಿನ ಅವಧಿಯುದ್ದಕ್ಕೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಕೈಬಿಡಲು ಶುರುಮಾಡಬೇಕು. ಅದೇ ವರ್ಷ ಇದಕ್ಕೆ ಇನ್ನೊಂದು ಕೂಡಿಕೊಂಡಿತು: ಒಂದೊಂದು ಕೆಲಸಕ್ಕೂ ಬೇರೆ ಸಾಲು, ಚೊಂಬು ತಂದವರಿಗೆ ಮೊದಲು. ನನ್ನ ಲೆಕ್ಕದಲ್ಲಿ ಇದು ದೊಡ್ಡ ಶೋಧ. ಆದರೂ ಜಾಹೀರಾತಿನ ಹಾಳೆಯಲ್ಲಿ ಇದರ ಹೆಸರು ಕಾಣುವುದು ಅಪರೂಪ. ಅಲ್ಲಿ ಇರುವುದೆಲ್ಲ ನಲ್ಲಿ ಎಷ್ಟು ದಪ್ಪ ಎಂಬುದೇ.

ಆಟದ ಕಂಪನಿಗಳೂ ದಪ್ಪದ ಮಾತನ್ನೇ ಮುಂದಿಟ್ಟವು. 2010ರಲ್ಲಿ ಅಮೆರಿಕದಲ್ಲಿ ಆನ್‌ಲೈವ್ ಬಂತು, 2015ರಲ್ಲಿ ಮುಚ್ಚಿತು. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರಿನಲ್ಲಿ ಬಂತು. ಕನಿಷ್ಠ 10 ಮೆಗಾಬಿಟ್, 4ಕೆ ಚಿತ್ರಕ್ಕೆ 35 ಬೇಕೆಂದಿತು. ವಿಳಂಬದ ಕಷ್ಟ ಅವರಿಗೂ ಗೊತ್ತಿತ್ತು. ಅದಕ್ಕೇ ಅವರ ಆಟದ ಕೈಪಿಡಿ ಟಿ.ವಿ.ಯ ಮೂಲಕ ಹೋಗದೆ ವೈ-ಫೈ ಹಿಡಿದು ನೇರವಾಗಿ ಅವರ ಕಂಪ್ಯೂಟರಿಗೆ ಮಾತಾಡುತ್ತಿತ್ತು. ಒಂದು ಮೆಟ್ಟಿಲು ಉಳಿಯಿತು. ಆದರೆ ಮನೆಯ ಪೆಟ್ಟಿಗೆಯ ಸಾಲನ್ನು ಅವರು ಹೇಗೆ ತಿದ್ದಿಯಾರು? ಜನ ಸಾಕಷ್ಟು ಸೇರಲಿಲ್ಲವೆಂದು 2023ರ ಜನವರಿಯಲ್ಲಿ ಅದೂ ಬಾಗಿಲು ಹಾಕಿತು. ಅದಕ್ಕೆ ಸಾಲೇ ಕಾರಣವೆಂದು ನಾನು ಹೇಳುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು 1,000 ಕಿಲೋಮೀಟರ್ ದಾಟಲು ಸುಮಾರು 5 ಮಿಲಿಸೆಕೆಂಡು ಸಾಕು, ಹೋಗಿಬರಲು 10. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಒಂದು ಚಿತ್ರದ ಆಯುಸ್ಸು ಹದಿನೇಳು ಮಿಲಿಸೆಕೆಂಡಿನಷ್ಟು. ಸಾವಿರ ಕಿಲೋಮೀಟರಿನ ದಾರಿ ತೊಂದರೆ ಕೊಡುವುದಿಲ್ಲ, ಪಡಸಾಲೆಯ ಪೆಟ್ಟಿಗೆ ನೂರಾರು ಮಿಲಿಸೆಕೆಂಡು ತಿಂದುಹಾಕುತ್ತದೆ.

ಗಾಳಿಯ ಮೇಲಿನ ಕಾಟ ಬೇರೆ ಇದೆ. ಅಮೆರಿಕದಲ್ಲಿ 1985ರಲ್ಲಿ, ನಮ್ಮಲ್ಲಿ 2005ರಲ್ಲಿ, ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲೇ ಹಳೆಯ ವೈ-ಫೈ ಓಡುವುದು, ಅಡುಗೆಮನೆಯ ಮೈಕ್ರೋವೇವ್ ಓವನ್ನೂ ಅಲ್ಲೇ. ಟಿ.ವಿ.ಗೂ ಪೆಟ್ಟಿಗೆಗೂ ನಡುವೆ ಒಂದು ವೈರ್ ಎಳೆದರೆ ಆ ಕಾಟ ತಪ್ಪುತ್ತದೆ.

ಓದಿದ್ದನ್ನೆಲ್ಲ ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರಿಗೆ ಹೇಳಿದೆ. ಅವರು ಸಾಲು ನಿಭಾಯಿಸಬಲ್ಲ ಪೆಟ್ಟಿಗೆಯೊಂದನ್ನು ತಂದು ಹಾಕಿ, ಅದರಲ್ಲಿ ವೇಗದ ಮಿತಿಯನ್ನು ಲೈನಿನ ನಿಜವಾದ ವೇಗಕ್ಕಿಂತ ತುಸು ಕಡಿಮೆ ಬರೆದರು.

"ದುಡ್ಡು ಕೊಟ್ಟಿರೋ ಸ್ಪೀಡನ್ನ ಕಮ್ಮಿ ಮಾಡ್ತಿದ್ದೀರಲ್ಲ ಮೇಷ್ಟ್ರೇ?" ತಮ್ಮ ಗಾಬರಿಯಾದ.

"ಸಾಲು ಎಲ್ಲಾದರೂ ನಿಲ್ಲಲೇಬೇಕು ಸಾರ್. ಮಿತಿ ಹಾಕದಿದ್ದರೆ ಅದು ಆಚೆಯ ಪೆಟ್ಟಿಗೆಯಲ್ಲಿ ನಿಲ್ಲುತ್ತೆ, ಅದಕ್ಕೆ ಚೊಂಬು ಯಾವುದು ಕೊಡ ಯಾವುದು ಗೊತ್ತಾಗಲ್ಲ. ಇದಕ್ಕೆ ಗೊತ್ತಾಗುತ್ತೆ" ಎಂದರು.

ಹುಡುಗಿಯನ್ನು ಕರೆದು ವಿಡಿಯೋ ಕಳಿಸಲು ಹೇಳಿದರು. ಅದು ಹೋಗುತ್ತಿರುವಾಗಲೇ ವಿಳಂಬ ಅಳೆದರು. ಹಿಂದೆ ಮೂರಂಕಿ ತೋರಿಸುತ್ತಿದ್ದುದು ಎರಡಂಕಿಗೆ ಇಳಿದಿತ್ತು. ಹುಡುಗ ಪಕ್ಕದಲ್ಲಿ ಆಡುತ್ತಲೇ ಇದ್ದ. ಈಗ ಅವಳು ಎಂಟೂವರೆಗೇ ಕಳಿಸಿ ಮುಗಿಸುತ್ತಾಳೆ. ತಮ್ಮ ಮುಂದಿನ ತಿಂಗಳಿಂದ ಹಳೆಯ ಪ್ಲಾನಿಗೇ ಮರಳಿದ.